ಪಾಠ ಮಾಡುತ್ತಾ, ಸಂಶೋಧನೆ ಮಾಡುತ್ತಾ ಓದುವವರಿಗೆ ಹಣಕಾಸಿನ ನೆರವು: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂದೆ ಓದುವ ಆಸೆ ಇದೆ, ಮನೆಯಲ್ಲಿ ಇನ್ನು ದುಡ್ಡು ಕೇಳಲು ಮುಖ ಇಲ್ಲ. ಹಾಸನ, ಅರಸೀಕೆರೆ, ಕಡೂರು, ಮೂಡಿಗೆರೆ ಕಡೆಯ ಹುಡುಗ ಹುಡುಗಿಯರು ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರ್‌ಗೆ ಬರುವ ಹೊತ್ತಿಗೆ ಈ ಇಕ್ಕಟ್ಟಿನಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದೆ. ತಿಂಗಳಿಗೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಆ ಹಣ ಯಾರ ಹೆಸರಿನಲ್ಲಿ ಮಂಜೂರಾಗಿದೆ ಎಂದು.

ಯಾರ ಹೆಸರಿನಲ್ಲಿದ್ದರೇನು? ನನ್ನ ಖಾತೆಗೆ ಬಂದರೆ ಸಾಲದೇ?

ಸಾಲದು. ನಿಮ್ಮ ಹೆಸರಿಗೇ ಮಂಜೂರಾದ ಫೆಲೋಶಿಪ್ ಒಂದು ಬಗೆ. ಯು.ಜಿ.ಸಿ. (ವಿಶ್ವವಿದ್ಯಾಲಯ ಅನುದಾನ ಆಯೋಗ) ಅಥವಾ ಸಿ.ಎಸ್.ಐ.ಆರ್.ನ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಜೆ.ಆರ್.ಎಫ್., ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್, ಈ ಜಾತಿಯದು. ಗೈಡ್ ನಿವೃತ್ತರಾದರೂ, ಅನುಮತಿ ಪಡೆದು ನೀವು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೂ ಅದು ನಿಮ್ಮ ಹಿಂದೆಯೇ ಬರುತ್ತದೆ.

ಪ್ರಾಜೆಕ್ಟ್ ಹಣದ ಕಥೆ ಬೇರೆ. ಅದು ಪ್ರೊಫೆಸರ್ ಒಬ್ಬರು ಅರ್ಜಿ ಹಾಕಿ ತಂದದ್ದು, ಮೂರು ವರ್ಷ ಎಂದು ಬರೆದಿದ್ದರೆ ಮೂರೇ ವರ್ಷ. ಪ್ರಾಜೆಕ್ಟ್ ಮುಗಿದ ದಿನ ನಿಮ್ಮ ಸಂಬಳವೂ ಮುಗಿಯುತ್ತದೆ, ಪ್ರಬಂಧದ ನಾಲ್ಕನೇ ಅಧ್ಯಾಯ ಅರ್ಧಕ್ಕೆ ನಿಂತಿದ್ದರೂ ಸರಿ.

ಇವೆರಡೂ ಅಲ್ಲದೆ ಸಂಸ್ಥೆಯೇ ಕೊಡುವ ಅಸಿಸ್ಟೆಂಟ್‌ಶಿಪ್ ಇದೆ. ಐ.ಐ.ಟಿ., ಎನ್.ಐ.ಟಿ.ಗಳಲ್ಲಿ ಪಿಎಚ್.ಡಿ.ಗೆ ಸೇರಿದವರು ವಾರಕ್ಕೆ ಇಂತಿಷ್ಟು ಗಂಟೆ ಲ್ಯಾಬು, ಟ್ಯುಟೋರಿಯಲ್ಲು ನೋಡಿಕೊಳ್ಳುತ್ತಾರೆ, ಸಂಸ್ಥೆ ತಿಂಗಳಿಗೆ ಹಣ ಕೊಡುತ್ತದೆ. ಸಂಸ್ಥೆ ಬಿಟ್ಟರೆ ಹಣವೂ ಹೋಯಿತು. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಈ ಮೂರನೆಯದರ ಮೇಲೆ ಭರವಸೆ ಇಟ್ಟುಕೊಂಡು ಸೇರುವುದು ಬೇಡ.

ಜೆ.ಆರ್.ಎಫ್. ಸಿಕ್ಕರೆ ಕೈಗೆ ಎಷ್ಟು ಬರುತ್ತದೆ?

2023ರ ಜನವರಿ 1ರಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಆಮೇಲೆ ಸಮಿತಿಯೊಂದು ನಿಮ್ಮ ಕೆಲಸ ನೋಡಿ ಒಪ್ಪಿದರೆ ಎಸ್.ಆರ್.ಎಫ್. (ಸೀನಿಯರ್ ರಿಸರ್ಚ್ ಫೆಲೋ) ಆಗುತ್ತೀರಿ, ಆಗ 42,000. ಒಟ್ಟು ಅವಧಿ ಐದು ವರ್ಷ. ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ ಇದೆ, ಅದು ಕೇಂದ್ರ ಸರ್ಕಾರದ ನಗರ ವರ್ಗೀಕರಣದ ಲೆಕ್ಕದಲ್ಲಿ. ಬೆಂಗಳೂರು ಎಕ್ಸ್, ಮೈಸೂರು, ಮಂಗಳೂರು ವೈ, ಹಾಸನವೂ ಚಿಕ್ಕಮಗಳೂರೂ ಝಡ್. ಝಡ್ ಊರಿನ ಭತ್ಯೆ ಬೆಂಗಳೂರಿನದರ ಮೂರನೇ ಒಂದು ಭಾಗ. ಬಾಡಿಗೆಯೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಇರುವುದರಿಂದ ನಷ್ಟ ಎಂದೇನೂ ಅಂದುಕೊಳ್ಳಬೇಡಿ. 37,000ದಲ್ಲಿ ಬೆಂಗಳೂರಿನಲ್ಲಿ ಬದುಕುವುದಕ್ಕೂ ಹಾಸನದಲ್ಲಿ ಬದುಕುವುದಕ್ಕೂ ಬಹಳ ವ್ಯತ್ಯಾಸವಿದೆ.

ಪುಸ್ತಕ, ಓಡಾಟ, ಝೆರಾಕ್ಸ್ ಖರ್ಚಿಗೆ ಕಂಟಿಂಜೆನ್ಸಿ ಎಂದು ವರ್ಷಕ್ಕೆ ಬೇರೆಯೇ ಹಣ ಇದೆ. ಕಲಾ, ಸಮಾಜ ವಿಜ್ಞಾನದವರಿಗೆ ಮೊದಲ ಎರಡು ವರ್ಷ 10,000, ಆಮೇಲೆ 20,500. ವಿಜ್ಞಾನದವರಿಗೆ 12,000 ಮತ್ತು 25,000. ಇದಕ್ಕೆ ಬಿಲ್ಲು ಬೇಕು. ಹಳೇಬೀಡಿಗೆ ಫೀಲ್ಡ್ ವರ್ಕ್‌ಗೆ ಹೋದಾಗಿನ ಬಸ್ ಟಿಕೆಟ್ಟನ್ನು ಜೇಬಿನಲ್ಲೇ ಮಡಚಿಟ್ಟು ಒಗೆಯಲು ಹಾಕಿದವರಿಗೆ ಅದರ ಬೆಲೆ ವರ್ಷದ ಕೊನೆಗೆ ಗೊತ್ತಾಗುತ್ತದೆ. ಟಿಕೆಟ್ ಮೇಲಿನ ಅಕ್ಷರ ಬೇಗ ಅಳಿಸಿಹೋಗುತ್ತದೆ, ಅವತ್ತೇ ಫೋಟೊ ತೆಗೆದಿಡಿ.

ನೆಟ್ ಪಾಸಾಗಿದ್ದೇನೆ, ಆದರೆ ಫೆಲೋಶಿಪ್ ಬರುತ್ತಿಲ್ಲ. ಯಾಕೆ?

ಜೆ.ಆರ್.ಎಫ್.ಗೂ ಅಧ್ಯಾಪಕರ ಅರ್ಹತೆಗೂ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆ ನೆಟ್. 2024ರ ಜೂನ್ ಪರೀಕ್ಷೆಯಿಂದ ಯು.ಜಿ.ಸಿ. ನೆಟ್ ಫಲಿತಾಂಶದಲ್ಲಿ ಮೂರು ದರ್ಜೆ ಇವೆ. ಮೊದಲನೆಯದರಲ್ಲಿದ್ದವರಿಗೆ ಜೆ.ಆರ್.ಎಫ್., ಸಹಾಯಕ ಪ್ರಾಧ್ಯಾಪಕರ ಅರ್ಹತೆ, ಪಿಎಚ್.ಡಿ. ಪ್ರವೇಶ ಮೂರೂ ಸಿಗುತ್ತವೆ. ಎರಡನೆಯದರಲ್ಲಿ ಪ್ರಾಧ್ಯಾಪಕರ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ. ಮೂರನೆಯದರಲ್ಲಿ ಪಿಎಚ್.ಡಿ. ಪ್ರವೇಶ ಮಾತ್ರ. ದುಡ್ಡು ಇರುವುದು ಮೊದಲನೆಯದರಲ್ಲಿ. ಉಳಿದೆರಡು ದರ್ಜೆಯವರ ಅಂಕಕ್ಕೆ ಪ್ರವೇಶದಲ್ಲಿ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ.

ಪರೀಕ್ಷೆ ಜೂನ್ ಮತ್ತು ಡಿಸೆಂಬರ್ ಆವೃತ್ತಿಯಾಗಿ ವರ್ಷಕ್ಕೆ ಎರಡು ಸಲ. ಸ್ನಾತಕೋತ್ತರದಲ್ಲಿ ಶೇ 55 ಬೇಕು, ಮೀಸಲಾತಿ ಇರುವವರಿಗೆ ಶೇ 50. ಅಂತಿಮ ವರ್ಷದಲ್ಲಿರುವವರೂ ಬರೆಯಬಹುದು. ಜೆ.ಆರ್.ಎಫ್.ಗೆ 30 ವರ್ಷದ ಮಿತಿ ಇದೆ, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ 5 ವರ್ಷ ಸಡಿಲಿಕೆ.

ಕನ್ನಡ ಎಂ.ಎ.ಯವರಿಗೆ ಒಂದು ಮಾತು. ನಿಮ್ಮ ವಿಷಯದ ಎರಡನೇ ಪತ್ರಿಕೆ ಕನ್ನಡದಲ್ಲೇ ಇರುತ್ತದೆ, 200 ಅಂಕ. ಪಂಪನಿಂದ ದಲಿತ ಸಾಹಿತ್ಯದವರೆಗೆ ಓದಿಕೊಂಡವರು ಅಲ್ಲಿ ಎಡವುವುದು ಕಡಿಮೆ. ಕೈಕೊಡುವುದು 100 ಅಂಕದ ಮೊದಲ ಪತ್ರಿಕೆ: ಬೋಧನಾ ಸಾಮರ್ಥ್ಯ, ತರ್ಕ, ಅಂಕಿಅಂಶ ಓದುವುದು, ಅದೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ. "ಸಾಮಾನ್ಯ ಜ್ಞಾನ ತಾನೇ, ಕೊನೇ ವಾರ ನೋಡ್ಕಂಡ್ರಾಯ್ತು" ಎಂದವರಿಗೆ ಜೆ.ಆರ್.ಎಫ್. ತಪ್ಪುವುದು ಇಲ್ಲೇ. ಎಂ.ಎ. ಮೊದಲ ವರ್ಷದಿಂದಲೇ ದಿನಕ್ಕೆ ಅರ್ಧ ಗಂಟೆ ಇದಕ್ಕೆ ಕೊಡಿ.

ಕೆ-ಸೆಟ್ ಆಗಿದೆ. ಅದಕ್ಕೇನಾದರೂ ಹಣ ಇದೆಯೇ?

ಇಲ್ಲ. ಅದು ಕರ್ನಾಟಕದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬೇಕಾದ ಅರ್ಹತೆ ಅಷ್ಟೇ.

ನೆಟ್ ಆಗದೆ ಪ್ರಾಜೆಕ್ಟ್‌ಗೆ ಸೇರಬಹುದೇ? ನಮ್ಮ ಜಿಲ್ಲೆಯಲ್ಲಿ ಅಂಥ ಕೆಲಸ ಎಲ್ಲಿರುತ್ತದೆ?

ಸೇರಬಹುದು. ಪ್ರಾಜೆಕ್ಟ್ ಜೆ.ಆರ್.ಎಫ್. ಹುದ್ದೆಗೆ ಸಾಮಾನ್ಯವಾಗಿ ನೆಟ್ ಅಥವಾ ಗೇಟ್ (ಎಂಜಿನಿಯರಿಂಗ್, ವಿಜ್ಞಾನದವರ ರಾಷ್ಟ್ರಮಟ್ಟದ ಪರೀಕ್ಷೆ) ಕೇಳುತ್ತಾರೆ. ಇಲ್ಲದವರಿಗೆ ಪ್ರಾಜೆಕ್ಟ್ ಅಸೋಸಿಯೇಟ್, ಫೀಲ್ಡ್ ಅಸಿಸ್ಟೆಂಟ್ ಎಂಬ ಹೆಸರಿನಲ್ಲಿ ಕಡಿಮೆ ಸಂಬಳದ ಜಾಗಗಳಿರುತ್ತವೆ.

ನಮ್ಮ ಕಡೆ ಹುಡುಕಬೇಕಾದ ಜಾಗಗಳು ಕಣ್ಣೆದುರಿಗೇ ಇವೆ. ಬಾಳೆಹೊನ್ನೂರಿನ ಹತ್ತಿರದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು, ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜು, ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಮತ್ತು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಇಂಥ ಕಡೆ ಪ್ರಾಜೆಕ್ಟ್ ಮಂಜೂರಾದಾಗ ಹುದ್ದೆಯ ಪ್ರಕಟಣೆ ಸಂಸ್ಥೆಯ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಬರುತ್ತದೆ, ಹದಿನೈದು ದಿನದಲ್ಲಿ ನೇರ ಸಂದರ್ಶನ ಮುಗಿದೇ ಹೋಗುತ್ತದೆ. ಪೇಪರಿನಲ್ಲಿ ಬರಲಿ ಎಂದು ಕಾದರೆ ಸಿಗುವುದಿಲ್ಲ.

ಆ ಕೆಲಸದಲ್ಲಿ ನಿಜವಾಗಿ ಏನು ಮಾಡಿಸುತ್ತಾರೆ?

ಒಂದು ಉದಾಹರಣೆ. ಕಾಫಿ ತೋಟದ ಮಣ್ಣಿನ ಮೇಲೆ ಪ್ರಾಜೆಕ್ಟ್ ಎಂದುಕೊಳ್ಳಿ. ಬೆಳಗ್ಗೆ ಮೊದಲ ಬಸ್ಸಿಗೆ ತೋಟ ಸೇರಬೇಕು. ಮೇಲಿನ ಎಲೆಗೊಬ್ಬರ ಸರಿಸಿ, ಇಂಗ್ಲಿಷ್ ವಿ ಆಕಾರದ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಕ್ಕೆ ಒಂದೇ ದಪ್ಪದ ಪದರ ಕೆರೆಯಬೇಕು. ಒಂದು ತೋಟದಲ್ಲಿ ಹೀಗೆ ಹತ್ತಾರು ಕಡೆ. ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯ ಮೇಲೆ ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಎಸೆದು, ಉಳಿದದ್ದನ್ನು ಮತ್ತೆ ಕಲಸಿ, ಅರ್ಧ ಕೇಜಿ ಉಳಿಯುವವರೆಗೆ ಅದನ್ನೇ ಮಾಡುವುದು. ಚೀಲದೊಳಗೆ ಹಾಕುವ ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಬೇಕು. ಪೆನ್ನಿನಲ್ಲಿ ಬರೆದರೆ ಒದ್ದೆ ಮಣ್ಣಿಗೆ ಶಾಯಿ ಹರಡಿ ಯಾವ ತೋಟದ್ದೆಂದೇ ತಿಳಿಯುವುದಿಲ್ಲ. ಸಂಜೆ ಬಂದು ಮಣ್ಣನ್ನು ನೆರಳಿನಲ್ಲಿ ಹರಡಿ, ಡೈರಿ ಬರೆದು ಮಲಗುವುದು. ಜಿಗಣೆ ಕಾಟ ಸಂಬಳದಲ್ಲಿ ಸೇರಿದೆ.

ಇತಿಹಾಸದವರಾದರೆ ಶಾಸನದ ಪಡಿಯಚ್ಚು ತೆಗೆಯುವುದು, ಸಮಾಜಶಾಸ್ತ್ರದವರಾದರೆ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಪ್ರಶ್ನಾವಳಿ ತುಂಬಿಸುವುದು. ಕೆಲಸಕ್ಕೆ ಸೇರುವ ಮೊದಲು ಗೈಡನ್ನು ಒಂದು ಪ್ರಶ್ನೆ ಕೇಳಿ: "ಸರ್, ಈ ದತ್ತಾಂಶವನ್ನ ನನ್ನ ಪಿಎಚ್.ಡಿ.ಗೆ ಬಳಸಬಹುದಾ?" ಹೌದು ಎಂದರೆ ಎರಡು ಕೆಲಸ ಒಂದರಲ್ಲೇ ಆಯಿತು. ಇಲ್ಲ ಅಥವಾ ನೋಡೋಣ ಎಂದರೆ, ಹಗಲು ಅವರ ಸಂಶೋಧನೆ, ರಾತ್ರಿ ನಿಮ್ಮದು. ಹೌದು ಎಂದದ್ದನ್ನು ಇಮೇಲಿನಲ್ಲಿ ಒಂದು ಸಾಲು ಬರೆಸಿಕೊಳ್ಳುವುದು ಅಗೌರವವೇನಲ್ಲ.

ಫೆಲೋಶಿಪ್ ಪಡೆದವರು ಪಾಠ ಮಾಡಲೇಬೇಕೇ? ಎಷ್ಟು ಗಂಟೆ?

ಯು.ಜಿ.ಸಿ.ಯ 2022ರ ಪಿಎಚ್.ಡಿ. ನಿಯಮಾವಳಿ ಪ್ರಕಾರ ಸಂಶೋಧನಾರ್ಥಿಗೆ ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನದ ಕೆಲಸ ಕೊಡಬಹುದು. ರಸಾಯನಶಾಸ್ತ್ರ ವಿಭಾಗದಲ್ಲಿ ಅದರ ಅರ್ಥ ಬಿ.ಎಸ್ಸಿ., ಎಂ.ಎಸ್ಸಿ. ಮಕ್ಕಳು ಬರುವ ಮೊದಲು ದ್ರಾವಣ ಸಿದ್ಧ ಮಾಡಿಡುವುದು, ಬ್ಯೂರೆಟ್ ಸೋರುತ್ತದೆಯೇ ನೋಡುವುದು, ರೆಕಾರ್ಡ್ ತಿದ್ದುವುದು. ಇದರಿಂದ ಲಾಭವೇ ಹೆಚ್ಚು. ಮುಂದೆ ಸಂದರ್ಶನದಲ್ಲಿ ಹತ್ತು ನಿಮಿಷ ಪಾಠ ಮಾಡಿ ತೋರಿಸಿ ಎಂದಾಗ ಧ್ವನಿ ನಡುಗುವುದಿಲ್ಲ.

ಕಾಯಂ ಅಧ್ಯಾಪಕರ ಹುದ್ದೆ ಖಾಲಿ ಇರುವ ವಿಭಾಗಗಳಲ್ಲಿ ತೊಂದರೆ ಶುರುವಾಗುತ್ತದೆ. ನಾಲ್ಕು ಗಂಟೆ ಎಂದದ್ದು ಹನ್ನೆರಡಾಗುತ್ತದೆ, ಇಡೀ ಪತ್ರಿಕೆಯೇ ನಿಮ್ಮ ತಲೆಗೆ ಬರುತ್ತದೆ. ಮೊದಲ ಸೆಮಿಸ್ಟರ್‌ನಲ್ಲೇ ವೇಳಾಪಟ್ಟಿಯ ಪ್ರತಿ ಇಟ್ಟುಕೊಂಡು, ಆರು ತಿಂಗಳಿಗೊಮ್ಮೆ ಕೊಡುವ ಪ್ರಗತಿ ವರದಿಯಲ್ಲಿ ಬೋಧನೆಯ ಗಂಟೆಗಳನ್ನು ಬರೆಯಿರಿ. ಜಗಳವಾಡುವುದಕ್ಕಿಂತ ಕಾಗದದ ಮೇಲೆ ಅಂಕಿ ಇರುವುದು ಒಳ್ಳೆಯದು. ಪ್ರೊಫೆಸರ ಮನೆಯ ಗ್ಯಾಸ್ ಬುಕ್ ಮಾಡುವುದು, ಮಗುವನ್ನು ಶಾಲೆಗೆ ಬಿಡುವುದು ಯಾವ ನಿಯಮಾವಳಿಯಲ್ಲೂ ಇಲ್ಲ.

ಹಾಸನ ವಿಶ್ವವಿದ್ಯಾಲಯದಲ್ಲೇ ಪಿಎಚ್.ಡಿ. ಮಾಡಲೇ, ಮೈಸೂರಿಗೆ ಹೋಗಲೇ?

ಹಿಂದೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯೇ ಈಗ ಹಾಸನ ವಿಶ್ವವಿದ್ಯಾಲಯ. ಚಿಕ್ಕಮಗಳೂರಿನವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಿದೆ. ಜೆ.ಆರ್.ಎಫ್. ಇದ್ದರೆ ಹಣದ ಮಟ್ಟಿಗೆ ಎಲ್ಲಿದ್ದರೂ ಒಂದೇ. ನೋಡಬೇಕಾದದ್ದು ಗೈಡ್‌ಗಳ ಖಾಲಿ ಜಾಗ. ಒಬ್ಬ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗಿಂತ ಹೆಚ್ಚು ಪಿಎಚ್.ಡಿ. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಸಣ್ಣ ವಿಭಾಗದಲ್ಲಿ ಅದು ಬೇಗ ತುಂಬಿಬಿಡುತ್ತದೆ. ಯು.ಜಿ.ಸಿ. ಜೆ.ಆರ್.ಎಫ್. ಪತ್ರಕ್ಕೆ ಮೂರು ವರ್ಷದ ಆಯುಷ್ಯ ಮಾತ್ರ, ಅಷ್ಟರೊಳಗೆ ನೋಂದಣಿ ಆಗಬೇಕು. ಹಾಗಾಗಿ ಒಂದೇ ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡು ಕೂರಬೇಡಿ.

ಎಂ.ಟೆಕ್. ಮಾಡುವವರಿಗೆ?

ಗೇಟ್ ಅಂಕದ ಮೇಲೆ ಸೇರಿದರೆ ಎ.ಐ.ಸಿ.ಟಿ.ಇ. (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ತಿಂಗಳಿಗೆ 12,400 ರೂಪಾಯಿ ಕೊಡುತ್ತದೆ, 24 ತಿಂಗಳು. ಪ್ರತಿಯಾಗಿ ವಾರಕ್ಕೆ 8ರಿಂದ 10 ಗಂಟೆ ಬೋಧನೆ, ಸಂಶೋಧನೆಯ ನೆರವು ಕೆಲಸ. ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿ.ಜಿ.ಸಿ.ಇ.ಟಿ. ಬರೆದು ಅದೇ ತರಗತಿಗೆ, ಅದೇ ಬೆಂಚಿಗೆ ಬಂದವರಿಗೆ ಇದಿಲ್ಲ. ಎ.ಐ.ಸಿ.ಟಿ.ಇ. ಪೋರ್ಟಲ್‌ನಲ್ಲಿ ಹೆಸರು ಸೇರಿಸಬೇಕಾದದ್ದು ಕಾಲೇಜು. ಮಲೆನಾಡು ಎಂಜಿನಿಯರಿಂಗ್ ಕಾಲೇಜಿಗೋ ಚಿಕ್ಕಮಗಳೂರಿನ ಆದಿಚುಂಚನಗಿರಿಗೋ ಸೇರುವವರು ಮೊದಲ ವಾರದಲ್ಲೇ ಇದನ್ನು ನೋಡಿಕೊಳ್ಳುವವರು ಯಾರು ಎಂದು ಆಫೀಸಿನಲ್ಲಿ ಕೇಳಿ ಹೆಸರು ಬರೆದುಕೊಳ್ಳಲಿ.

ಎಂ.ಎ., ಎಂ.ಎಸ್ಸಿ. ಓದುವಾಗಲೇ ಹೀಗೆ ಹಣ ಸಿಗುತ್ತದೆಯೇ?

ಬಹಳ ಕಡಿಮೆ. ಈ ಹಂತದಲ್ಲಿ ಸಿಗುವುದು ಸಂಬಳಕ್ಕಿಂತ ವಿದ್ಯಾರ್ಥಿವೇತನ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ರಾಜ್ಯದ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು. ಕೃಷಿ ಎಂ.ಎಸ್ಸಿ.ಗೆ ಐ.ಸಿ.ಎ.ಆರ್.ನ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಅಖಿಲ ಭಾರತ ಪರೀಕ್ಷೆಯಲ್ಲಿ ಮೇಲಿನ ರ್‍ಯಾಂಕ್ ಬಂದವರಿಗೆ ತಿಂಗಳಿಗೆ 12,640 ಇದೆ; ಅಲ್ಲಿ ಸ್ನಾತಕೋತ್ತರದ ವಿದ್ಯಾರ್ಥಿವೇತನವನ್ನೇ ಜೆ.ಆರ್.ಎಫ್. ಎನ್ನುತ್ತಾರೆ, ಗೊಂದಲ ಮಾಡಿಕೊಳ್ಳಬೇಡಿ.

ವಿಜ್ಞಾನದವರು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ವಿಶ್ವವಿದ್ಯಾಲಯಕ್ಕೆ ಮೊದಲ ರ್‍ಯಾಂಕ್ ಬಂದವರು ಪಿಎಚ್.ಡಿ.ಗಾಗಿ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು, ನೆಟ್ ಬೇಕಿಲ್ಲ. ವಯಸ್ಸಿನ ಮಿತಿ 27. ಚಿನ್ನದ ಪದಕವನ್ನು ಗೋಡೆಗೆ ನೇತುಹಾಕಿ ಈ ಅರ್ಜಿಯನ್ನೇ ಮರೆತವರಿದ್ದಾರೆ.

ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುತ್ತಾ ಪಿಎಚ್.ಡಿ. ಮಾಡಬಹುದೇ?

ಜೆ.ಆರ್.ಎಫ್. ತೆಗೆದುಕೊಳ್ಳುತ್ತಿದ್ದರೆ ಆಗದು. ಎರಡು ಕಡೆ ಹಣ ಪಡೆದದ್ದು ಗೊತ್ತಾದರೆ ಫೆಲೋಶಿಪ್ ವಾಪಸ್ ಕಟ್ಟಬೇಕಾಗುತ್ತದೆ. ಎಲ್ಲದಕ್ಕೂ ಆಧಾರ್ ಜೋಡಿಸಿರುವ ಈ ಕಾಲದಲ್ಲಿ ಗೊತ್ತಾಗದೆ ಇರುವುದು ಕಷ್ಟ.

ಫೆಲೋಶಿಪ್ ಇಲ್ಲದವರು ಹೆಚ್ಚಾಗಿ ಹಿಡಿಯುವ ದಾರಿ ಇದೇ. 2022ರಲ್ಲಿ ವಾರಕ್ಕೆ 15 ಗಂಟೆಯ ಕಾರ್ಯಭಾರಕ್ಕೆ ಅರ್ಹತೆ, ಸೇವಾವಧಿ ನೋಡಿ ತಿಂಗಳಿಗೆ 26,000ದಿಂದ 32,000ದವರೆಗೆ ನಿಗದಿಯಾಯಿತು, 2024ರಲ್ಲಿ ಸೇವಾವಧಿಯ ಮೇಲೆ ಹೆಚ್ಚಳವಾಯಿತು. ಅಂಕಿ ನೋಡಿದರೆ ಪರವಾಗಿಲ್ಲ. ಆದರೆ ನೇಮಕ ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ. ಕೌನ್ಸೆಲಿಂಗ್‌ನಲ್ಲಿ ಊರಿನ ಕಾಲೇಜು ತಪ್ಪಿ ಎಲ್ಲೋ ಸಿಕ್ಕರೆ ಓಡಾಟದಲ್ಲೇ ದಿನ ಹೋಗುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಎಂ.ಎ. ಆದ ತಕ್ಷಣ ಎರಡು ವರ್ಷ ಬಿಗಿಯಾಗಿ ನೆಟ್‌ಗೆ ಓದಿ. ಅತಿಥಿ ಉಪನ್ಯಾಸಕ ಕೆಲಸಕ್ಕೆ ಆಮೇಲೂ ಹೋಗಬಹುದು, ಜೆ.ಆರ್.ಎಫ್. ವಯಸ್ಸು ಕಾಯುವುದಿಲ್ಲ.

ನನ್ನ ಬಳಿ 2ಎ ಪ್ರಮಾಣಪತ್ರ ಇದೆ. ನೆಟ್ ಅರ್ಜಿಯಲ್ಲಿ ಒ.ಬಿ.ಸಿ. ಎಂದು ಹಾಕಬಹುದಲ್ಲವೇ?

ಅದೊಂದರ ಮೇಲೇ ಹಾಕಬೇಡಿ. 2ಎ, 3ಎ, 3ಬಿ ರಾಜ್ಯದ ವರ್ಗೀಕರಣ. ನೆಟ್‌ಗೆ ಬೇಕಾದದ್ದು ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಸಮುದಾಯ ಇದೆ, ಕೆನೆಪದರಕ್ಕೆ ಸೇರಿಲ್ಲ ಎನ್ನುವ ಬೇರೆ ನಮೂನೆಯ ಪತ್ರ. ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗಲೇ ಕೇಂದ್ರ ಸರ್ಕಾರದ ನಮೂನೆ ಎಂದು ಬಿಡಿಸಿ ಹೇಳಿ. ಸುಮ್ಮನೆ ಜಾತಿ ಆದಾಯ ಎಂದರೆ ಅವರು ಕೊಡುವುದು ರಾಜ್ಯದ್ದನ್ನೇ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಒ.ಬಿ.ಸಿ. ಸಂಶೋಧನಾರ್ಥಿಗಳಿಗೆ ಕೇಂದ್ರದ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್ 2022–23ರಿಂದ ಹೊಸಬರಿಗೆ ನಿಂತಿದೆ. ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳೂ ಪೂರ್ಣಾವಧಿ ಪಿಎಚ್.ಡಿ.ಗೆ ಪ್ರೋತ್ಸಾಹಧನ ಕೊಡುತ್ತವೆ. ಜಿಲ್ಲಾ ಕಚೇರಿಯ ಸೂಚನಾ ಫಲಕ ನೋಡುತ್ತಿರಿ. ಸಮಾಜ ವಿಜ್ಞಾನದವರಿಗೆ ಐ.ಸಿ.ಎಸ್.ಎಸ್.ಆರ್.ನ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟರಲ್ ಫೆಲೋಶಿಪ್ ತಿಂಗಳಿಗೆ 20,000.

ಆರು ತಿಂಗಳಿಂದ ಹಣ ಬಂದಿಲ್ಲ. ಯಾರನ್ನು ಕೇಳುವುದು?

ಮೊದಲು ನಿಮ್ಮದೇ ವಿಶ್ವವಿದ್ಯಾಲಯವನ್ನು. ದೆಹಲಿಗೆ ಇಮೇಲ್ ಆಮೇಲೆ. ಯು.ಜಿ.ಸಿ. ಫೆಲೋಶಿಪ್‌ನಲ್ಲಿ ಪ್ರತಿ ತಿಂಗಳೂ ನೀವು ಕೆಲಸದಲ್ಲಿದ್ದೀರಿ ಎಂದು ವಿಶ್ವವಿದ್ಯಾಲಯದ ಒಬ್ಬರು ಪೋರ್ಟಲ್‌ನಲ್ಲಿ ನಮೂದಿಸಬೇಕು, ಇನ್ನೊಬ್ಬರು ಅದನ್ನು ಅನುಮೋದಿಸಬೇಕು. ಮೇಕರ್, ಚೆಕರ್ ಎನ್ನುತ್ತಾರೆ. ಅವರಲ್ಲಿ ಒಬ್ಬರು ರಜೆ ಹೋದರೆ, ವರ್ಗವಾದರೆ ನಿಮ್ಮ ತಿಂಗಳು ಅಲ್ಲೇ ನಿಲ್ಲುತ್ತದೆ. ಆಧಾರ್ ಜೋಡಣೆಯಾದ ಖಾತೆ ಚಾಲ್ತಿಯಲ್ಲಿಲ್ಲದಿದ್ದರೂ ಇದೇ ಗತಿ. ಎರಡು ವರ್ಷ ತುಂಬಿದಾಗ ಎಸ್.ಆರ್.ಎಫ್.ಗೆ ಏರಿಸುವ ಕಾಗದ ಹೋಗದಿದ್ದರೆ ಹಳೆಯ ದರದಲ್ಲೇ ಬರುತ್ತದೆ ಅಥವಾ ನಿಂತೇ ಹೋಗುತ್ತದೆ.

ಬಾಕಿ ಹಣ ಒಟ್ಟಿಗೆ ಬರುವುದುಂಟು, ಆದರೆ ಮೆಸ್ ಬಿಲ್ ಅಲ್ಲಿಯವರೆಗೆ ಕಾಯುವುದಿಲ್ಲ. ಬಂದ ಮೊದಲ ಕಂತಿನಲ್ಲೇ ನಾಲ್ಕು ತಿಂಗಳ ಖರ್ಚು ತೆಗೆದಿಟ್ಟು ಆಮೇಲೆ ಬೈಕಿನ ಶೋರೂಮ್ ಕಡೆ ನೋಡಿ.

ಮನೆಯಲ್ಲಿ ಮದುವೆ ಮಾತು. "ಇನ್ನೂ ಐದು ವರ್ಷ ಓದ್ತಾಳಾ?" ಅಂತಾರೆ ಅಪ್ಪ. ಮಧ್ಯೆ ಮಗುವಾದರೆ ಫೆಲೋಶಿಪ್ ಹೋಗುತ್ತದೆಯೇ?

ಹೋಗುವುದಿಲ್ಲ. 2022ರ ನಿಯಮಾವಳಿಯಲ್ಲಿ ಪಿಎಚ್.ಡಿ.ಯ ಒಟ್ಟು ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೆ ಅವಕಾಶವಿದೆ, ಮಹಿಳೆಯರಿಗೆ ಗರಿಷ್ಠ ಅವಧಿಯ ಮೇಲೆ ಎರಡು ವರ್ಷ ಹೆಚ್ಚುವರಿಯೂ ಇದೆ. ಮದುವೆಯ ಕಾರಣಕ್ಕೆ ಬೇರೆ ಊರಿಗೆ ಹೋಗಬೇಕಾದರೆ ನಿಮ್ಮ ಸಂಶೋಧನಾ ದತ್ತಾಂಶವನ್ನು ಹೊಸ ವಿಶ್ವವಿದ್ಯಾಲಯಕ್ಕೆ ಒಯ್ಯಬಹುದು. ಆದರೆ ಪ್ರಾಜೆಕ್ಟ್ ಹಣವಾದರೆ ಈ ಸೌಕರ್ಯವಿಲ್ಲ, ಅದು ಹಿಂದೆಯೇ ಉಳಿಯುತ್ತದೆ. ಅಪ್ಪನಿಗೆ ಹೇಳುವುದಾದರೆ ಓದು ಎನ್ನುವುದಕ್ಕಿಂತ ತಿಂಗಳಿಗೆ 37,000 ಎಂದರೆ ಮಾತು ಬೇರೆ ದಿಕ್ಕಿಗೆ ತಿರುಗುತ್ತದೆ. ಒಬ್ಬಳೇ ಮಗಳಾದವಳಿಗೆ ಪಿಎಚ್.ಡಿ.ಗಾಗಿ ಸಾವಿತ್ರಿಬಾಯಿ ಫುಲೆ ಹೆಸರಿನ ಯು.ಜಿ.ಸಿ. ಫೆಲೋಶಿಪ್ ಪ್ರತ್ಯೇಕವಾಗಿದೆ.

ಅಮೆರಿಕದಲ್ಲಿ ಟಿ.ಎ. (ಬೋಧನಾ ಸಹಾಯಕ), ಆರ್.ಎ. (ಸಂಶೋಧನಾ ಸಹಾಯಕ) ಕೆಲಸ ಸಿಕ್ಕರೆ ಪೂರ್ತಿ ಖರ್ಚು ನಡೆಯುತ್ತದಂತೆ, ನಿಜವೇ?

ಪಿಎಚ್.ಡಿ.ಗೆ ಬಹುಮಟ್ಟಿಗೆ ನಿಜ. ಒಳ್ಳೆಯ ವಿಭಾಗಗಳು ಪ್ರವೇಶದ ಜೊತೆಗೇ ಬೋಧನಾ ಶುಲ್ಕ ಮನ್ನಾ, ತಿಂಗಳ ಸ್ಟೈಪೆಂಡ್, ಆರೋಗ್ಯ ವಿಮೆ ಇಷ್ಟನ್ನೂ ಬರೆದ ಪತ್ರ ಕೊಡುತ್ತವೆ. ಬದಲಿಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ; ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ ಕೆಲಸದ ಮಿತಿಯೂ ಅಷ್ಟೇ. ಟಿ.ಎ. ಆದವರು ಪದವಿ ಮಕ್ಕಳ ಲ್ಯಾಬ್ ನಡೆಸುತ್ತಾರೆ, ಉತ್ತರಪತ್ರಿಕೆ ತಿದ್ದುತ್ತಾರೆ. ಮೊದಲು ಮಾತನಾಡುವ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಾಗಬಹುದು.

ಎಂ.ಎಸ್. ಎಂದರೆ ಲೆಕ್ಕ ತಲೆಕೆಳಗು. ಎರಡು ವರ್ಷದ ಸ್ನಾತಕೋತ್ತರಕ್ಕೆ ಇಂಥ ನೆರವು ಅಪರೂಪ. "ಅಲ್ಲಿಗೆ ಹೋದ ಮೇಲೆ ಸಿಕ್ಕೇ ಸಿಗುತ್ತೆ" ಎಂಬ ಏಜೆಂಟರ ಮಾತು ನಂಬಿ ತೋಟದ ಮೇಲೆ ಸಾಲ ಎತ್ತಬೇಡಿ. ಪತ್ರದಲ್ಲಿ ಬರೆದಿದ್ದರೆ ಇದೆ, ಬರೆದಿಲ್ಲದಿದ್ದರೆ ಇಲ್ಲ. ಎಷ್ಟು ವರ್ಷದ ಖಾತರಿ, ಬೇಸಿಗೆಯ ಮೂರು ತಿಂಗಳಿಗೆ ಹಣ ಇದೆಯೇ, ಶುಲ್ಕ ಮನ್ನಾ ಆದ ಮೇಲೂ ಕಟ್ಟಬೇಕಾದ ಫೀಸು ಎಷ್ಟು ಎನ್ನುವುದನ್ನು ಇಮೇಲಿನಲ್ಲಿ ಕೇಳಿ. ಅಲ್ಲಿ ಹಾಗೆ ಕೇಳುವುದನ್ನು ಉದ್ಧಟತನ ಎನ್ನುವುದಿಲ್ಲ. ಹಲವು ವಿಶ್ವವಿದ್ಯಾಲಯಗಳು ಇಂಥ ನೆರವಿನ ಕರೆಗೆ ಉತ್ತರಿಸಲು ಏಪ್ರಿಲ್ 15ರವರೆಗೆ ಸಮಯ ಕೊಡುವ ಒಪ್ಪಂದಕ್ಕೆ ಸೇರಿವೆ. ಅವಸರ ಮಾಡಿ ಮೊದಲ ಪತ್ರಕ್ಕೇ ಒಪ್ಪಿಗೆ ಕೊಡಬೇಕಿಲ್ಲ.

ಜರ್ಮನಿಯಲ್ಲಿ ಪಿಎಚ್.ಡಿ. ಹೆಚ್ಚಾಗಿ ಒಂದು ನೌಕರಿ. ಸಂಬಳ, ತೆರಿಗೆ, ವಿಮೆ ಎಲ್ಲವೂ ನೌಕರರಂತೆಯೇ.

ಈ ಹಣಕ್ಕೆ ಆದಾಯ ತೆರಿಗೆ ಕಟ್ಟಬೇಕೇ?

ನಮ್ಮಲ್ಲಿ ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ತೆರಿಗೆ ವಿನಾಯಿತಿ ಇದೆ. ಅತಿಥಿ ಉಪನ್ಯಾಸಕರ ಗೌರವಧನ ಆದಾಯವೇ. ಪ್ರಾಜೆಕ್ಟ್ ಸಂಬಳ ಎರಡರ ನಡುವೆ ಬರುತ್ತದೆ. ನೇಮಕಾತಿ ಪತ್ರದಲ್ಲಿ ಫೆಲೋಶಿಪ್ ಎಂದಿದೆಯೋ ಸಂಬಳ ಎಂದಿದೆಯೋ ನೋಡಿ, ಪತ್ರವನ್ನು ತೆರಿಗೆ ಸಲಹೆಗಾರರಿಗೆ ತೋರಿಸಿ.

ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕ ಪಿಎಚ್.ಡಿ. ಮಾಡಿದರೆ ಇವುಗಳಲ್ಲಿ ಏನು ಸಿಗುತ್ತದೆ?

ಯು.ಜಿ.ಸಿ., ಸಿ.ಎಸ್.ಐ.ಆರ್. ಫೆಲೋಶಿಪ್ ಯಾವುದೂ ಇಲ್ಲ. ಉದ್ಯೋಗದಾತರಿಂದ ನಿರಾಕ್ಷೇಪಣಾ ಪತ್ರ ಬೇಕು, ಸಂಶೋಧನೆಗೆ ಸಮಯ ಕೊಡುತ್ತೇವೆ ಎಂದು ಅವರು ಅದರಲ್ಲಿ ಬರೆದಿರಬೇಕು. ಕೋರ್ಸ್ ವರ್ಕ್‌ಗೆ ರಜೆ ಕೊಡುತ್ತಾರೆಯೇ ಎನ್ನುವುದನ್ನು ಅದೇ ಕಾಗದದಲ್ಲಿ ಸೇರಿಸಿಕೊಳ್ಳಿ.